ಹಕ್ಕು, ಕಟ್ಟು, ಹೊಣೆ: ‘ಉತ್ತರಾಧಿಕಾರ’ ಪದದ ಜಾನಪದೀಯ ಅರ್ಥವಿವೇಚನೆ

1

ಕನ್ನಡ ಜಾನಪದ ಸಂಶೋಧನೆಯಲ್ಲಿ ‘ಉತ್ತರಾಧಿಕಾರ’ ಎಂಬ ಪದ ಸಲೀಸಾಗಿ ಬಳಕೆಯಾಗುತ್ತಿದೆ. ಆದರೆ ಅದರ ಅರ್ಥ ಪರಿಶೀಲನೆಗೆ ಒಳಗಾಗಿರುವುದು ಕಡಿಮೆ. ಕಲಾವಿದರ ಪರಿಚಯ ಲೇಖನಗಳಲ್ಲಿ, ಮಠಮಾನ್ಯಗಳ ಅಧ್ಯಯನಗಳಲ್ಲಿ, ಮಹಾಕಾವ್ಯಗಳ ವಿಶ್ಲೇಷಣೆಯಲ್ಲಿ ತಂದೆಯ ನಂತರ ಮಗ, ಗುರುವಿನ ನಂತರ ಶಿಷ್ಯ ಬಂದಾಗಲೆಲ್ಲ ಈ ಪದವನ್ನೇ ಹಚ್ಚಲಾಗುತ್ತದೆ. ಎರಡು ಸಂದರ್ಭಗಳಲ್ಲಿಯೂ ನಡೆದಿರುವುದು ಒಂದೇ ಕ್ರಿಯೆಯೇ ಎಂಬ ಪ್ರಶ್ನೆ ಏಳುವುದಿಲ್ಲ.

ಪದದ ರಚನೆ ಸರಳವಾಗಿದೆ. ‘ಉತ್ತರ’ ಎಂದರೆ ಅನಂತರದ್ದು. ‘ಅಧಿಕಾರ’ ಎಂದರೆ ಹಕ್ಕು, ಅರ್ಹತೆ. ಮೀಮಾಂಸಾ ಶಾಸ್ತ್ರದಲ್ಲಿ ‘ಅಧಿಕಾರ’ವೆಂಬುದು ಒಂದು ಕರ್ಮವನ್ನು ಮಾಡಲು ಯಾರು ಅರ್ಹರು ಎಂಬುದಕ್ಕೆ ಸಂಬಂಧಿಸಿದ ಮಾತು. ಅಲ್ಲಿ ಫಲದ ಹಕ್ಕಿನೊಂದಿಗೆ ಕ್ರಿಯೆಯ ಹೊಣೆಯೂ ಅಡಕವಾಗಿತ್ತು. ಆಧುನಿಕ ಕನ್ನಡದಲ್ಲಿ ಈ ಎರಡನೆಯ ಅಂಶ ಸವೆದು, ‘ಅಧಿಕಾರ’ವು ಆಳುವ ಬಲ ಎಂಬ ಅರ್ಥಕ್ಕೆ ಸಂಕುಚಿತಗೊಂಡಿದೆ. ಇದರೊಂದಿಗೆ ‘ಉತ್ತರಾಧಿಕಾರ’ವೂ ಹಿಂದಿನವರು ಬಿಟ್ಟುಹೋದದ್ದನ್ನು ಮುಂದಿನವರು ಪಡೆಯುವ ಹಕ್ಕು ಎಂಬಷ್ಟಕ್ಕೆ ನಿಂತಿದೆ.

ಜನಪದರ ಬಳಕೆಯಲ್ಲಿ ಈ ಕ್ಷೇತ್ರವನ್ನು ಆವರಿಸಿರುವ ಪದಗಳು ಬೇರೆ: ವಾರಸು, ಪೌತಿ, ಪಾಲು, ದಾಯಾದಿ, ದತ್ತು, ಕಟ್ಟು, ಪಟ್ಟ, ಸಂತಾನ, ಶಿಶುಮಗ, ವೀಳ್ಯ. ಇವು ಪರಸ್ಪರ ಪರ್ಯಾಯ ಪದಗಳಲ್ಲ. ಒಂದು ಸಾವನ್ನು ಹೇಳಿದರೆ ಇನ್ನೊಂದು ಹುಟ್ಟನ್ನು ಹೇಳುತ್ತದೆ. ಒಂದು ಆಸ್ತಿಯನ್ನು ಕುರಿತದ್ದಾದರೆ ಮತ್ತೊಂದು ಒಪ್ಪಿಗೆಯನ್ನು ಕುರಿತದ್ದು. ಈ ಪದಸಮೂಹವನ್ನು ಗಮನಿಸಿದರೆ, ಹುಟ್ಟು ಮತ್ತು ಸಾವು ಎಂಬ ಎರಡರಿಂದಲೇ ಉತ್ತರಾಧಿಕಾರ ಪೂರ್ಣಗೊಳ್ಳುತ್ತದೆ ಎಂದು ಜನಪದರು ಭಾವಿಸಿಲ್ಲ ಎಂಬುದು ತಿಳಿಯುತ್ತದೆ. ಹಿಂದಿನವರ ಹೊಣೆಯನ್ನು ಮುಂದಿನವರು ಎತ್ತಿಕೊಳ್ಳುವುದು ಅದರ ಮೂರನೆಯ ಅಂಗ. ಈ ಅಂಗವನ್ನು ಕೈಬಿಟ್ಟ ಸಂಶೋಧನೆಯು ಯಾರನ್ನು ವಾರಸುದಾರರೆಂದು ಎಣಿಸಬೇಕೆಂಬ ವಿಷಯದಲ್ಲಿಯೇ ತಪ್ಪುತ್ತದೆ.

2

ಮೊದಲಿಗೆ ಶಾಸ್ತ್ರ ಮತ್ತು ದಫ್ತರದ ಪದಗಳನ್ನು ಪರಿಶೀಲಿಸಬಹುದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಒಡೆಯನೊಂದಿಗಿನ ಸಂಬಂಧವೊಂದೇ ಕಾರಣವಾಗಿ ಮತ್ತೊಬ್ಬನ ಸ್ವತ್ತಾಗುವ ಧನವೇ ‘ದಾಯ’ ಎಂಬುದು ಅವನ ನಿರೂಪಣೆಯ ಸಾರ. ತಂದೆ ಮತ್ತು ಅಜ್ಜನ ಸ್ವತ್ತಿನಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಬರುವ ಹಕ್ಕನ್ನು ಅಪ್ರತಿಬಂಧ ದಾಯವೆಂದೂ, ಒಡೆಯನು ಮಕ್ಕಳಿಲ್ಲದೆ ತೀರಿಕೊಂಡಾಗ ಮಾತ್ರ ಸಹೋದರ ಮೊದಲಾದವರಿಗೆ ಒದಗುವುದನ್ನು ಸಪ್ರತಿಬಂಧ ದಾಯವೆಂದೂ ಅವನು ವಿಂಗಡಿಸಿದನು. ಇಲ್ಲಿ ‘ಸಂಬಂಧ’ವೇ ನಿರ್ಣಾಯಕ, ನಡತೆಗೆ ಎರಡನೆಯ ಸ್ಥಾನ.

ಇದೇ ‘ದಾಯ’ದಿಂದ ಬಂದ ‘ದಾಯಾದಿ’ ಎಂಬ ಪದ ಕನ್ನಡದ ಬಾಯಲ್ಲಿ ಪಡೆದ ಅರ್ಥ ಗಮನಾರ್ಹವಾದುದು. ದಾಯವನ್ನು ಪಡೆಯುವವನು ಎಂಬ ಮೂಲಾರ್ಥ ಹಿಂದೆ ಸರಿದು, ಪಾಲಿಗೆ ಸ್ಪರ್ಧಿಯಾದ ರಕ್ತಸಂಬಂಧಿ ಎಂಬ ಅರ್ಥ ಮುಂದೆ ಬಂದಿದೆ. ‘ದಾಯಾದಿ ಮತ್ಸರ’ ಎಂಬುದು ರೂಢಿಯ ಮಾತು. ವೃತ್ತಪತ್ರಿಕೆಗಳ ಕ್ರೀಡಾಪುಟಗಳು ನೆರೆಯ ದೇಶವನ್ನೂ ‘ದಾಯಾದಿ’ ಎಂದೇ ಕರೆಯುತ್ತವೆ. ಸಂಬಂಧವನ್ನಷ್ಟೇ ಆಧಾರವಾಗಿಟ್ಟುಕೊಂಡ ಹಕ್ಕು ಎಲ್ಲಿಗೆ ಮುಟ್ಟುತ್ತದೆ ಎಂಬ ಜನರ ಅನುಭವ ಈ ಅರ್ಥಾಂತರದಲ್ಲಿ ದಾಖಲಾಗಿದೆ. ಆದರೂ ಸಾವು ಸಂಭವಿಸಿದಾಗ ಸೂತಕ ಹಿಡಿಯಬೇಕಾದವನು ಅದೇ ದಾಯಾದಿಯೇ. ಜಗಳವಾಡುವವನನ್ನೂ ಹೊಣೆಯಿಂದ ಬಿಡಿಸದಿರುವುದು ಆಚರಣೆಯ ವಿವೇಕ.

ಕಂದಾಯ ಇಲಾಖೆಯ ‘ಪೌತಿ ವಾರಸು ಖಾತೆ’ ಎಂಬ ಪ್ರಯೋಗದ ಎರಡು ಮುಖ್ಯ ಪದಗಳೂ ಅರಬ್ಬಿ ಮೂಲದವು. ಫಾರಸಿಯ ಆಡಳಿತ ಭಾಷೆಯ ಮೂಲಕ ಬಂದವು. ‘ಫೌತ್’ ಎಂದರೆ ಮರಣ. ‘ವಾರಿಸ್’ ಎಂದರೆ ಹಕ್ಕುದಾರ. ಖಾತೆದಾರ ತೀರಿಕೊಂಡ ಬಳಿಕ ವಂಶವೃಕ್ಷವನ್ನು ಹಾಜರುಪಡಿಸಿ ಪಹಣಿಯಲ್ಲಿ ಹೆಸರು ಬದಲಾಯಿಸಿಕೊಳ್ಳುವುದಕ್ಕೆ ಇಂದಿಗೂ ರೈತರು ಹೇಳುವುದು ‘ಪೌತಿ ಮಾಡಿಸುವುದು’ ಎಂದೇ. 1956ರ ಅಧಿನಿಯಮದ ಶೀರ್ಷಿಕೆಯಲ್ಲಿ ‘ಉತ್ತರಾಧಿಕಾರ’ ಎಂಬ ಪದವಿದ್ದರೂ ಅದು ಹಳ್ಳಿಯ ಜಗಲಿಗೆ ಇಳಿಯಲಿಲ್ಲ.

ಈ ಪದಗಳು ನಿರುಪದ್ರವಿಗಳಲ್ಲ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತುಪುತ್ರ ಶಿವಲಿಂಗಪ್ಪನನ್ನು ವಾರಸುದಾರನೆಂದು ಮನ್ನಿಸಲು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅದೇ ವರ್ಷದ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಅವನು ಹತನಾದನು. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದು, ದತ್ತಕವನ್ನು ತಳ್ಳಿಹಾಕುವ ಕ್ರಮವನ್ನು ವ್ಯಾಪಕ ನೀತಿಯಾಗಿಸಿದ್ದು 1848ರ ನಂತರ. ಅದಕ್ಕೆ ಎರಡು ದಶಕಗಳಿಗೂ ಮೊದಲೇ ‘ವಾರಸು’ ಎಂಬ ಪದದ ಅರ್ಥವನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ ಕಿತ್ತೂರಿನಲ್ಲಿ ರಕ್ತಪಾತಕ್ಕೆ ಕಾರಣವಾಗಿತ್ತು. ಚೆನ್ನಮ್ಮ ಆ ದತ್ತುಮಗನನ್ನು ಹೆತ್ತವಳಲ್ಲ. ತೀರಿಕೊಂಡ ದೇಸಾಯಿಯನ್ನೂ ಹೆತ್ತವಳಲ್ಲ, ಅವನ ಮಲತಾಯಿ. ರಕ್ತದ ಎಳೆಯೇ ಇಲ್ಲದ ಈ ಕೊಂಡಿಯನ್ನು ನಾಡು ಅನುಮಾನಿಸಲಿಲ್ಲ. ಸಂಸ್ಥಾನದ ಹೊಣೆಯನ್ನು ಹೊತ್ತವಳೆಂಬುದೇ ಲಾವಣಿಕಾರರಿಗೆ ಸಾಕಾಯಿತು.

3

ಹೊಣೆಯಿಂದ ಹಕ್ಕು ಹುಟ್ಟುತ್ತದೆ ಎಂಬ ತಿಳಿವಳಿಕೆಯನ್ನು ನೇರವಾಗಿ ಕಥೆಯಾಗಿಸಿರುವುದು ತುಳುನಾಡಿನ ಅಳಿಯಕಟ್ಟಿನ ಐತಿಹ್ಯ. ದೇವಪಾಂಡ್ಯನೆಂಬ ವರ್ತಕನ ಹೊಸ ಹಡಗುಗಳು ಕಡಲಿಗೆ ಇಳಿಯಬೇಕಾದರೆ ನರಬಲಿ ಬೇಕೆಂದು ಕುಂಡೋದರನೆಂಬ ಭೂತ ಕೇಳುತ್ತದೆ. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪುವುದಿಲ್ಲ. ತಂಗಿ ಸತ್ಯವತಿ ತನ್ನ ಮಗನನ್ನು ಒಪ್ಪಿಸುತ್ತಾಳೆ. ಭೂತವು ಮೆಚ್ಚಿ ಹುಡುಗನನ್ನು ಉಳಿಸುತ್ತದೆ. ಅವನೇ ಭೂತಾಳಪಾಂಡ್ಯನೆನಿಸಿ ಸೋದರಮಾವನ ಸಂಪತ್ತಿಗೆ ಒಡೆಯನಾಗುತ್ತಾನೆ. ಅಂದಿನಿಂದ ಸಂಪತ್ತು ಮಗನಿಗಲ್ಲ, ಸೋದರಳಿಯನಿಗೆ ಸಲ್ಲಬೇಕೆಂಬ ಕಟ್ಟು ಜಾರಿಗೆ ಬಂದಿತೆಂಬುದು ಕಥೆಯ ನಿಲುವು.

ಭೂತಾಳಪಾಂಡ್ಯನ ಚಾರಿತ್ರಿಕತೆಯನ್ನು ವಿದ್ವಾಂಸರು ಸಂದೇಹಿಸಿದ್ದಾರೆ. ಮಾತೃಮೂಲೀಯ ಪದ್ಧತಿಯೊಂದು ಒಬ್ಬ ಅರಸನ ಆಜ್ಞೆಯಿಂದ ಒಂದೇ ದಿನ ಹುಟ್ಟಿರುವುದು ಸಂಭವವೂ ಅಲ್ಲ. ಐತಿಹ್ಯವನ್ನು ಚರಿತ್ರೆಯೆಂದು ಓದಿದವರೂ, ಚರಿತ್ರೆಯಲ್ಲವೆಂದು ತಳ್ಳಿಹಾಕಿದವರೂ ಅದು ಎತ್ತಿದ ಪ್ರಶ್ನೆಯನ್ನು ಗಮನಿಸಲಿಲ್ಲ. ಮಾವನ ಆಪತ್ತಿಗೆ ಯಾರು ತಲೆಯೊಡ್ಡಿದರೋ ಸಂಪತ್ತು ಅವರಿಗೆ ಎಂಬುದು ಈ ಕಥೆಯ ನ್ಯಾಯ. ‘ಕಟ್ಟು’ ಎಂಬ ಪದದ ಆಯ್ಕೆಯೂ ಇದಕ್ಕೆ ಹೊಂದುತ್ತದೆ. ಅದು ಕಟ್ಟಳೆ ಎಂಬ ಅರ್ಥದಷ್ಟೇ ಬಂಧನ ಎಂಬ ಅರ್ಥವನ್ನೂ ಹೊತ್ತಿದೆ. ಶಾಸನಗಳಲ್ಲಿ ಕಾಣುವ ‘ನೆತ್ತರುಕೊಡಗೆ’ಯ ಹಿಂದೆಯೂ ಇದೇ ತರ್ಕವಿದೆ: ಕಾಳಗದಲ್ಲಿ ಮಡಿದ ವೀರನ ಮನೆಯವರಿಗೆ ಬಿಟ್ಟ ಭೂಮಿಯು ಚೆಲ್ಲಿದ ರಕ್ತದ ಋಣವನ್ನು ತೀರಿಸುವಂಥದು.

ಆದರೆ ಈ ವ್ಯವಸ್ಥೆಯನ್ನು ಸ್ತ್ರೀಪ್ರಧಾನವೆಂದು ಕೊಂಡಾಡುವ ಬರವಣಿಗೆಯನ್ನು ಎಚ್ಚರದಿಂದ ನೋಡಬೇಕು. ಐತಿಹ್ಯದಲ್ಲಿಯೇ ತ್ಯಾಗ ತಂಗಿಯದು, ಒಡೆತನ ಅವಳ ಮಗನದು. ವ್ಯವಹಾರದಲ್ಲಿಯೂ ಸಂತತಿಯು ಹೆಣ್ಣಿನ ಮೂಲಕ ಹರಿದರೂ ಕುಟುಂಬದ ಯಜಮಾನಿಕೆ ಹೆಚ್ಚಾಗಿ ಹಿರಿಯ ಗಂಡಸಿನ ಕೈಯಲ್ಲಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲಿನ ಹಕ್ಕನ್ನು ನೀಡಿತು. 1956ರ ಅಧಿನಿಯಮವು ಅಳಿಯಸಂತಾನದವರಿಗೆ ಪ್ರತ್ಯೇಕ ನಿಯಮಗಳನ್ನು ಒಳಗೊಂಡಿತು. ಕಟ್ಟು ಕಾನೂನಾದಾಗ ಪಾಲು ಉಳಿಯಿತು. ಆಪತ್ತಿಗೆ ಒದಗಬೇಕೆಂಬ ಕಥೆಯ ಷರತ್ತು ಹೊರಗುಳಿಯಿತು.

ಬಳ್ಳಾರಿ ಸೀಮೆಯ ಬಸವಿ ಪದ್ಧತಿಯು ಇದರ ಕಹಿಯಾದ ಇನ್ನೊಂದು ಮುಖ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟು, ಅವಳನ್ನು ಮಗನ ಸ್ಥಾನದಲ್ಲಿಟ್ಟು, ಆಸ್ತಿಯನ್ನೂ ಉತ್ತರಕ್ರಿಯೆಯ ಹೊಣೆಯನ್ನೂ ಅವಳಿಗೆ ವಹಿಸುತ್ತಿದ್ದರು. ಹೆಣ್ಣಿಗೆ ವಾರಸು ದೊರೆಯಿತು. ಅದಕ್ಕೆ ಅವಳು ಮದುವೆಯ ಬದುಕನ್ನು ತೆತ್ತಳು. ಅವಳನ್ನು ಲೈಂಗಿಕ ಶೋಷಣೆಗೆ ಒಡ್ಡಿದ ಈ ಸಮರ್ಪಣೆಯನ್ನು ಕರ್ನಾಟಕವು 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯಿಂದ ಅಪರಾಧವಾಗಿಸಿತು. ಹೊಣೆಯನ್ನು ಜನಪದದ ಮೌಲ್ಯವೆಂದು ಎತ್ತಿಹಿಡಿಯುವಾಗ ಅದನ್ನು ಯಾರ ಹೆಗಲಿಗೆ ಹೊರಿಸಲಾಯಿತು, ಅವರನ್ನು ಕೇಳಿ ಹೊರಿಸಲಾಯಿತೇ ಎಂಬುದನ್ನೂ ವಿಚಾರಿಸದಿದ್ದರೆ ಅದು ವಿಮರ್ಶೆಯಾಗುವುದಿಲ್ಲ.

4

ಈ ಪ್ರಶ್ನೆಯನ್ನು ಸ್ತ್ರೀಯ ನೆಲೆಯಿಂದಲೇ ಕೇಳಿದ ಕೃತಿ ತುಳುವಿನ ಸಿರಿ ಪಾಡ್ದನ. ಪಾಠಭೇದಗಳು ಅನೇಕವಿದ್ದರೂ ಕಥೆಯ ಹಂದರ ಸ್ಥಿರವಾಗಿದೆ. ಸತ್ಯನಾಪುರದ ಅರಮನೆಯ ವೃದ್ಧ ಬಿರ್ಮಾಳ್ವನಿಗೆ ಮುಂದಿನವರಿಲ್ಲ. ಬೆರ್ಮೆರ ಪ್ರಸಾದವಾದ ಅಡಿಕೆಯ ಹಿಂಗಾರ ಮತ್ತು ಗಂಧದಿಂದ ಸಿರಿ ಮೂಡುತ್ತಾಳೆ. ಬಸರೂರಿನ ಕಾಂತು ಪೂಂಜನೊಂದಿಗಿನ ಅವಳ ದಾಂಪತ್ಯ ಮುರಿದುಬೀಳುತ್ತದೆ. ಅಜ್ಜನ ಮರಣಾನಂತರ ಶಂಕರ ಆಳ್ವನೆಂಬ ದಾಯಾದಿ ಅರಮನೆಗೆ ಹಕ್ಕು ಹೂಡುತ್ತಾನೆ. ನ್ಯಾಯ ಕೇಳಿದ ಸಿರಿಗೆ ಸಭೆಯಲ್ಲಿ ನ್ಯಾಯ ದೊರೆಯುವುದಿಲ್ಲ. ಮಗು ಕುಮಾರನನ್ನೂ ಸೇವಕಿ ದಾರುವನ್ನೂ ಕರೆದುಕೊಂಡು ಅವಳು ಹೊರಡುತ್ತಾಳೆ. ಅವಳ ಶಾಪಕ್ಕೆ ಅರಮನೆ ಉರಿದುಹೋಗುತ್ತದೆ.

ಈ ಕಥಾಭಾಗವನ್ನು ಆಸ್ತಿವ್ಯಾಜ್ಯವೆಂದಷ್ಟೇ ಓದಿದರೆ ಸಿರಿ ಸೋತವಳು. ಆದರೆ ಪಾಡ್ದನವು ಮೊದಲೇ ಒಂದು ಸೂಚನೆಯನ್ನು ಇಟ್ಟಿದೆ. ಸಿರಿಗೂ ಬಿರ್ಮಾಳ್ವನಿಗೂ ರಕ್ತಸಂಬಂಧವೇ ಇಲ್ಲ. ಅವಳು ಪ್ರಸಾದವಾಗಿ ಬಂದವಳು, ಅಜ್ಜನು ಒಪ್ಪಿ ಸಾಕಿದವಳು. ರಕ್ತದ ಹಕ್ಕು ಹೂಡಿದವನಿಗೆ ಉರಿದ ಅರಮನೆ ದಕ್ಕುತ್ತದೆ. ಒಪ್ಪಿಗೆಯಿಂದ ಬಂದವಳು ಬರಿಗೈಯಲ್ಲಿ ಹೊರಟು ಒಂದು ಕುಲವನ್ನೇ ಮುಂದುವರಿಸುತ್ತಾಳೆ.

ಆ ಕುಲ ಕಥೆಯೊಳಗೆ ಮುಗಿಯುವುದಿಲ್ಲ. ಕವತ್ತಾರು, ಹಿರಿಯಡಕ, ನಂದಳಿಕೆ ಮೊದಲಾದ ಕಡೆ ನಡೆಯುವ ಸಿರಿಜಾತ್ರೆಗಳಲ್ಲಿ ಆವೇಶಗೊಂಡ ಹೆಂಗಸರು ತಮ್ಮನ್ನು ಸಿರಿಯೆಂದೋ, ಅವಳ ಮಗಳು ಸೊನ್ನೆಯೆಂದೋ, ಗಿಂಡೆಯೆಂದೋ, ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ ದಾರಗರೆಂದೋ ಗುರುತಿಸಿಕೊಳ್ಳುತ್ತಾರೆ. ಹೊಸದಾಗಿ ಬಂದವಳ ಬಾಯಿಂದ ಹೆಸರು ಹೊರಡುವವರೆಗೆ ಕುಮಾರನ ಪಾತ್ರಿ ಅವಳನ್ನು ಮಾತನಾಡಿಸುತ್ತಾನೆ. ಗಂಡನ ಮನೆಯಲ್ಲಿ, ತವರಿನಲ್ಲಿ ಮಾತಿಲ್ಲದ ಹೆಣ್ಣೊಬ್ಬಳು ಇಲ್ಲಿ ಹೆಸರು ಹೇಳಿ ಕುಲವನ್ನು ಸೇರುತ್ತಾಳೆ. ಇದನ್ನು ಮನೋರೋಗದ ಉಪಶಮನವೆಂದು ವಿವರಿಸಿದ ಅಧ್ಯಯನಗಳಿವೆ. ಆ ವಿವರಣೆಯಲ್ಲಿ ಸತ್ಯಾಂಶವೂ ಇದೆ. ಆದರೆ ಸಿರಿಗೆ ಕಥೆಯಲ್ಲಿ ನಿರಾಕೃತವಾದ ಉತ್ತರಾಧಿಕಾರವು ಆಚರಣೆಯಲ್ಲಿ ಬೇರೊಂದು ರೀತಿಯಲ್ಲಿ ಈಡೇರುತ್ತಿದೆ ಎಂಬುದನ್ನು ಆ ಓದು ಬಿಟ್ಟುಬಿಡುತ್ತದೆ. ಇಲ್ಲಿ ಹಸ್ತಾಂತರವಾಗುವುದು ಮನೆಯೂ ಅಲ್ಲ, ಮಣ್ಣೂ ಅಲ್ಲ. ಅನ್ಯಾಯಕ್ಕೆ ಒಳಗಾದವಳ ಹೆಸರು.

ಶಾಸನಸಭೆ ಮತ್ತು ನ್ಯಾಯಾಲಯಗಳು ಇದೇ ಪ್ರಶ್ನೆಗೆ ಬಂದು ತಲುಪಲು ದೀರ್ಘಕಾಲ ಹಿಡಿಯಿತು. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ತಂದಿತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳನ್ನು ಸಹದಾಯಾದಿಗಳೆಂದು ಒಪ್ಪಿದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು ಸ್ಪಷ್ಟಪಡಿಸಿತು. ವಿಜ್ಞಾನೇಶ್ವರನು ಗಂಡುಮಕ್ಕಳಿಗೆ ಹೇಳಿದ ಅಪ್ರತಿಬಂಧ ದಾಯ ಹೆಣ್ಣುಮಕ್ಕಳನ್ನು ತಲುಪಲು ಸುಮಾರು ಒಂಬತ್ತು ಶತಮಾನಗಳು ಬೇಕಾದವು.

5

ರಕ್ತವನ್ನು ದಾಟುವ ಈ ಪ್ರವೃತ್ತಿ ಕನ್ನಡದ ಪದಬಳಕೆಗೆ ಹೊಸತಲ್ಲ. ಬಳ್ಳಿಗಾವಿಯ ಕೋಡಿಯಮಠದ ಕಾಳಾಮುಖ ಗುರುಗಳನ್ನು ಶಾಸನಗಳು ‘ಮೂವರ ಕೋಣೆಯ ಸಂತತಿ’ಗೆ ಸೇರಿಸುತ್ತವೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಜೈನ ಮುನಿಗಳ ಗುರುಪರಂಪರೆ ‘ಕೊಂಡಕುಂದಾನ್ವಯ’ವೆನಿಸಿದೆ. ಸಂತತಿ, ಅನ್ವಯ ಇವು ಹೆತ್ತ ಮಕ್ಕಳ ಸಾಲನ್ನು ಸೂಚಿಸುವ ಪದಗಳು. ಅವನ್ನು ಮಕ್ಕಳನ್ನೇ ಹೆರದ ಯತಿಗಳ ಸಾಲಿಗೆ ಹಿಂಜರಿಕೆಯಿಲ್ಲದೆ ಬಳಸಲಾಗಿದೆ.

ಇದರ ಜಾನಪದೀಯ ರೂಪ ಮಂಟೇಸ್ವಾಮಿ ಕಾವ್ಯದ ‘ಶಿಶುಮಗ’. ನಿಡುಘಟ್ಟದ ಆಚಾರಿ ಮನೆತನದ ಹುಡುಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಕೇಳುತ್ತಾನೆ, ಹೆತ್ತವರು ಕೊಡಲೊಪ್ಪುವುದಿಲ್ಲ. ಕಠಿಣ ಪರೀಕ್ಷೆಗಳ ಬಳಿಕ ಅವನು ಗುರುವಿನ ಶಿಶುಮಗನಾಗಿ, ಸಿದ್ಧಪ್ಪಾಜಿಯೆನಿಸುತ್ತಾನೆ. ಮುಂದೆ ಗುರುವಿನ ಕಾರ್ಯಕ್ಕಾಗಿ ಕಬ್ಬಿಣದ ಭಿಕ್ಷೆ ಬೇಡಲು ಅವನು ಹೋಗುವುದು ಹಲಗೂರಿನ ಪಾಂಚಾಳರ ಬಳಿಗೆ, ಅಂದರೆ ತನ್ನದೇ ಹುಟ್ಟುಕಸುಬಿನವರ ಬಳಿಗೆ. ಹುಟ್ಟಿನಿಂದ ಪಡೆಯಬಹುದಾಗಿದ್ದ ಕುಲುಮೆಯ ಮುಂದೆ ಅವನು ಗುರುವಿನ ಮಗನಾಗಿ ಕೈಯೊಡ್ಡಿ ನಿಲ್ಲುತ್ತಾನೆ. ಎರಡು ಬಗೆಯ ಉತ್ತರಾಧಿಕಾರಗಳ ಮುಖಾಮುಖಿ ಇಷ್ಟು ಮೂರ್ತವಾಗಿ ಚಿತ್ರಿತವಾಗಿರುವುದು ವಿರಳ.

ಕಾವ್ಯದ ಹೊರಗೂ ಈ ದ್ವಿಮುಖತೆ ಉಳಿದಿದೆ. ಬೊಪ್ಪೇಗೌಡನಪುರದ ಮಠದ ಪೀಠ ಒಂದು ಮನೆತನದಲ್ಲಿ ಮುಂದುವರಿದಿದೆ. ಕಾವ್ಯವನ್ನು ಹಾಡುವ ನೀಲಗಾರರಾದರೋ ದಲಿತರೂ ಸೇರಿದಂತೆ ಹಲವು ಒಕ್ಕಲುಗಳಿಂದ ದೀಕ್ಷೆ ಪಡೆದು ಬಂದವರು. ಪೀಠಕ್ಕೆ ವಂಶ, ಹಾಡಿಗೆ ದೀಕ್ಷೆ. ಇವೆರಡನ್ನೂ ‘ಉತ್ತರಾಧಿಕಾರ’ ಎಂಬ ಒಂದೇ ಪದದಡಿ ತಂದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಕಲಾವಿದರ ಪರಿಚಯಗಳಲ್ಲಿ ಕಾಣುವ ‘ವಂಶಪಾರಂಪರ್ಯವಾಗಿ ಬಂದ ಕಲೆ’ ಎಂಬ ಸಿದ್ಧವಾಕ್ಯವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗಿದೆ. ಅದು ನೆರೆಮನೆಯ ಮುದುಕಿಯಿಂದ ಕಲಿತವನನ್ನೂ, ತಾಯಿಯ ಕಡೆಯಿಂದ ಹಾಡು ಬಂದವಳನ್ನೂ, ಹರಕೆಗೆ ದೀಕ್ಷೆ ಪಡೆದವನನ್ನೂ ತಂದೆಯಿಂದ ಮಗನಿಗೆ ಎಂಬ ಒಂದೇ ಗೆರೆಯಲ್ಲಿ ನಿಲ್ಲಿಸುತ್ತದೆ. ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಪದಗಳನ್ನೂ ಸೋಬಾನೆ ಪದಗಳನ್ನೂ ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ದವರು. ವಂಶವೃಕ್ಷದಲ್ಲಿ ಅವರ ಕೊಂಬೆ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ಹಾಡಿನ ನಿಜವಾದ ವಾರಸುದಾರರು ದಾಖಲೆಯಿಂದ ಬಿಟ್ಟುಹೋಗುತ್ತಾರೆ. ಮುಂದೆ ಅದೇ ದಾಖಲೆಯನ್ನು ಆಧರಿಸಿ ಕಲೆಗೆ ವಾರಸುದಾರರಿಲ್ಲ, ಅದು ಅಳಿಯಿತು ಎಂಬ ತೀರ್ಮಾನಕ್ಕೂ ಬರಲಾಗುತ್ತದೆ.

ಭೂತಾರಾಧನೆಯ ‘ಎಣ್ಣೆಬೂಳ್ಯ’ ಈ ದೃಷ್ಟಿಯಿಂದ ಬಹಳ ಉಪಯುಕ್ತವಾದ ಪರಿಕಲ್ಪನೆ. ಭೂತ ಕಟ್ಟುವ ಹಕ್ಕು ಕುಟುಂಬದಲ್ಲಿ ಬಂದಿರಬಹುದು. ಆದರೂ ಕೋಲದ ಮುನ್ನ ಎಣ್ಣೆಯನ್ನೂ ವೀಳ್ಯವನ್ನೂ ಊರಿನವರ ಎದುರಿಗೆ ಕೈಯಾರೆ ಸ್ವೀಕರಿಸಿದ ಬಳಿಕವಷ್ಟೇ ಕಲಾವಿದನು ಆ ದಿನದ ಹೊಣೆಗಾರನಾಗುತ್ತಾನೆ. ಹುಟ್ಟು ಅವನಿಗೆ ಅವಕಾಶವನ್ನು ಕೊಟ್ಟಿದೆ. ಹೊಣೆಯನ್ನು ಅವನು ಪ್ರತಿ ಬಾರಿಯೂ ಹೊಸದಾಗಿ ಎತ್ತಿಕೊಳ್ಳಬೇಕು.

6

ಕೊನೆಯದಾಗಿ, ಈ ಅರ್ಥವಿವೇಚನೆ ಸಂಶೋಧಕರನ್ನೂ ಹೊರಗಿಡುವಂತಿಲ್ಲ. ಹಾಡುಗಾರರು ತೀರಿಕೊಂಡ ಮೇಲೆ ಅವರ ಹಾಡು ಮುದ್ರಿತ ಸಂಪುಟದಲ್ಲಿ, ಧ್ವನಿಸುರುಳಿಯಲ್ಲಿ, ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತದೆ. ಹಾಗಾದರೆ ಅದರ ಉತ್ತರಾಧಿಕಾರಿ ಯಾರು?

ಕನ್ನಡದಲ್ಲಿ ‘ಸಂಪಾದನೆ’ ಎಂಬ ಪದಕ್ಕೆ ಎರಡರ್ಥಗಳಿವೆ: ಗ್ರಂಥವನ್ನು ಪರಿಷ್ಕರಿಸಿ ಸಿದ್ಧಪಡಿಸುವುದು ಮತ್ತು ದುಡಿದು ಗಳಿಸುವುದು. ಆಸ್ತಿಯ ಪರಿಭಾಷೆಯಲ್ಲಿ ಸ್ವಂತ ಗಳಿಕೆ ಸ್ವಯಾರ್ಜಿತ, ಹಿರಿಯರಿಂದ ಬಂದದ್ದು ಪಿತ್ರಾರ್ಜಿತ. ಸ್ವಯಾರ್ಜಿತವನ್ನು ಒಡೆಯನು ತನ್ನಿಚ್ಛೆಯಂತೆ ವಿನಿಯೋಗಿಸಬಹುದು. ಪಿತ್ರಾರ್ಜಿತದಲ್ಲಿ ಇತರರ ಪಾಲಿರುತ್ತದೆ. ಹೊರರಕ್ಷೆಯ ಮೇಲೆ ಸಂಪಾದಕರ ಹೆಸರು, ಒಳಪುಟದ ಮೂಲೆಯಲ್ಲಿ ವಕ್ತೃವಿನ ಹೆಸರು ಎಂಬ ಮುದ್ರಣದ ರೂಢಿಯು ಪಿತ್ರಾರ್ಜಿತವಾದುದನ್ನು ಸ್ವಯಾರ್ಜಿತದ ಖಾತೆಗೆ ಬರೆದುಕೊಳ್ಳುತ್ತದೆ. ಇದಕ್ಕೆ ಬೇರೆ ಮಾದರಿ ಇಲ್ಲದೆ ಇಲ್ಲ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೊಂಕೊ ಅವರೊಂದಿಗೆ 1990ರಲ್ಲಿ ದಾಖಲಿಸಿ, 1998ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟಿಸಿದ 15,683 ಸಾಲುಗಳ ಸಿರಿ ಮಹಾಕಾವ್ಯದ ಶೀರ್ಷಿಕೆಯಲ್ಲಿಯೇ ಅದು ಗೋಪಾಲ ನಾಯ್ಕರು ಪ್ರಸ್ತುತಪಡಿಸಿದ ಪಠ್ಯವೆಂಬ ಘೋಷಣೆಯಿದೆ. ಹಾಡುಗಾರನ ಹೆಸರನ್ನು ಅಲ್ಲಿ ಕೃತಜ್ಞತೆಯ ಪುಟಕ್ಕೆ ಸೀಮಿತಗೊಳಿಸಿಲ್ಲ.

ಹೆಸರನ್ನು ಮುದ್ರಿಸುವುದರಿಂದಲೇ ಹೊಣೆ ತೀರುವುದಿಲ್ಲ. ಪುಸ್ತಕ ಹಾಡಿನ ಊರಿಗೆ ಮರಳಿತೇ, ಧ್ವನಿಮುದ್ರಣ ಹಾಡುಗಾರರ ಮೊಮ್ಮಕ್ಕಳ ಕೈಗೆ ಎಟುಕುತ್ತದೆಯೇ, ಅವರಲ್ಲಿ ಕಲಿತ ಹೊರಗಿನವರನ್ನು ದಾಖಲೆ ಗುರುತಿಸಿತೇ ಎಂಬವು ಉಳಿದ ಪ್ರಶ್ನೆಗಳು. ಸಂಗ್ರಹವೆಂಬುದು ಒಂದು ಬಗೆಯ ಪೌತಿ ಖಾತೆ. ಅದರಲ್ಲಿ ಬರೆದ ಹೆಸರು ಉಳಿಯುತ್ತದೆ, ಬಿಟ್ಟ ಹೆಸರು ಹಕ್ಕು ಕಳೆದುಕೊಳ್ಳುತ್ತದೆ.

‘ಉತ್ತರಾಧಿಕಾರ’ವನ್ನು ಜಾನಪದದ ಪರಿಭಾಷೆಯಿಂದ ಹೊರಹಾಕಬೇಕೆಂಬುದು ಇದರ ತಾತ್ಪರ್ಯವಲ್ಲ. ವಾರಸು, ಕಟ್ಟು, ಸಂತಾನ, ಶಿಶುಮಗ, ವೀಳ್ಯ ಎಂಬ ಪದಗಳಲ್ಲಿ ಜನ ಬೇರೆಬೇರೆಯಾಗಿ ಇಟ್ಟುಕೊಂಡು ಬಂದ ಅರ್ಥಗಳನ್ನು ಆಯಾ ಸಂದರ್ಭಕ್ಕೆ ತಕ್ಕಂತೆ ಬೇರೆಬೇರೆಯಾಗಿಯೇ ಬಳಸುವುದು ಅಗತ್ಯ. ಯಾರ ನಂತರ ಯಾರು ಎಂಬುದರ ಜೊತೆಗೆ, ಏನನ್ನು ಹೊತ್ತು ಬಂದರು, ಯಾರ ಎದುರಿಗೆ ಒಪ್ಪಿಕೊಂಡರು ಎಂಬುದನ್ನೂ ಕೇಳಿದಾಗ ಮಾತ್ರ ಸಿರಿಯಂಥವರೂ ಸಿದ್ಧಪ್ಪಾಜಿಯಂಥವರೂ ವಾರಸುದಾರರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ.